ಬುಲಿಟ್ ಮೊದಲೋ, ಫ್ರೆಂಚ್ ಕನೆಕ್ಷನ್ ಮೊದಲೋ?

ಕಾರ್ ಚೇಸ್‌ಗೆ ಹೆಸರಾದ ಈ ಎರಡು ಹಾಲಿವುಡ್ ಸಿನಿಮಾಗಳಲ್ಲಿ, ಇಂಜಿನ್ ಸದ್ದಿನ ಮೋಹವಿದ್ದರೆ 1968ರ ‘ಬುಲಿಟ್’ ಮೊದಲು ನೋಡಿ. ಸ್ಯಾನ್ ಫ್ರಾನ್ಸಿಸ್ಕೋದ ಕಡಿದಾದ ಬೀದಿಗಳಲ್ಲಿ ಕಪ್ಪು ಡಾಜ್ ಚಾರ್ಜರ್ ಕಾರು, ಅದರ ಬೆನ್ನಿಗೆ ಹಸಿರು ಮಸ್ಟಾಂಗ್ ಕಾರು. ಚಾರ್ಜರ್ ಚಾಲಕ ಸೀಟ್‌ಬೆಲ್ಟ್ ಬಿಗಿದುಕೊಳ್ಳುತ್ತಾನೆ, ಟೈರು ಕಿರುಚುತ್ತದೆ, ಹಿನ್ನೆಲೆ ಸಂಗೀತ ನಿಂತೇಹೋಗುತ್ತದೆ. ಆಮೇಲೆ ಗೇರು, ಟೈರುಗಳದ್ದೇ ಮಾತು. ಎಡವಟ್ಟೂ ಇದೆ: ಒಂದೇ ಓಟವನ್ನು ಹಲವು ಕೋನಗಳಿಂದ ತೆಗೆದು ಜೋಡಿಸಿದ್ದರಿಂದ ಅದೇ ಹಸಿರು ಬೀಟಲ್ ಕಾರನ್ನು ಮತ್ತೆ ಮತ್ತೆ ಹಿಂದಿಕ್ಕುತ್ತಾರೆ!

ಎದೆ ಡವಗುಟ್ಟಬೇಕಾದರೆ 1971ರ ‘ದಿ ಫ್ರೆಂಚ್ ಕನೆಕ್ಷನ್’. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಪಾಂಟಿಯಾಕ್ ಕಾರು ಅಟ್ಟಿಸಿಕೊಂಡು ಹೋಗುವುದು ತಲೆಯ ಮೇಲಿನ ಹಳಿಯಲ್ಲಿ ಓಡುವ ರೈಲನ್ನು. ಬಂಪರ್‌ಗೆ ಕಟ್ಟಿದ ಕ್ಯಾಮೆರಾದಲ್ಲಿ ರಸ್ತೆಯೇ ಮುಖಕ್ಕೆ ನುಗ್ಗಿದಂತಾಗುತ್ತದೆ. ಬುಲಿಟ್‌ನಲ್ಲಿ ಚಾರ್ಜರ್ ಓಡಿಸಿದ ಬಿಲ್ ಹಿಕ್‌ಮನ್ ಅವರೇ ಇಲ್ಲೂ ಸ್ಟಂಟ್ ಚಾಲಕ. ಚಾಲನೆಯ ಸೊಬಗಿಗೆ ಅದು, ಗಾಬರಿಗೆ ಇದು. ಒಂದೇ ಆರಿಸಬೇಕಾದರೆ ನನ್ನ ಓಟು ಬ್ರೂಕ್ಲಿನ್‌ಗೆ.