ಸೆನ್‌ಹೈಸರ್ ಎಚ್‌ಡಿ 650: ವರ್ಷಗಟ್ಟಲೆ ಬಳಸುವವರಿಗೆ, ಸರಿಯಾದ ಆಂಪ್ ಹುಡುಕುವವರಿಗೆ

ಜರ್ಮನಿಯ ಸೆನ್‌ಹೈಸರ್ ಕಂಪನಿಯ ಎಚ್‌ಡಿ 650 ಹೆಡ್‌ಫೋನ್ ಬಂದದ್ದು 2003ರಲ್ಲಿ. ಆಮೇಲೆ 2022ರಲ್ಲಿ ಸೆನ್‌ಹೈಸರಿನ ಗ್ರಾಹಕ ವಿಭಾಗವೇ ಸೊನೋವಾ ಕಂಪನಿಯ ಕೈಗೆ ಹೋಯಿತು. ಆದರೂ ಗಾಯನ ಕೇಳುವವರಿಗೆ ನಾನು ಇವತ್ತಿಗೂ ಮೊದಲು ಹೇಳುವುದು ಇದೇ ಹೆಡ್‌ಫೋನ್. ಶಾರೀರದ ತೂಕ, ಪಿಟೀಲಿನ ಕಮಾನು ತಂತಿಯ ಮೇಲೆ ಹತ್ತುವ ಸದ್ದು, ತಂಬೂರಿಯ ಜೀವಾಳ ಇದರಲ್ಲಿ ಯಾವ ಬಣ್ಣವೂ ಬಳಿದಂತಾಗದೆ ಬರುತ್ತವೆ. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್ ಅವರ ಹಳೆಯ ಧ್ವನಿಮುದ್ರಣಗಳಲ್ಲಿ ಟೇಪಿನ ಸುಯ್ಯೆನ್ನುವ ಸದ್ದು ಕೇಳಿಸುತ್ತದೆ, ಆದರೆ ಕಿವಿಗೆ ಚುಚ್ಚುವುದಿಲ್ಲ.

ಕೊರತೆಗಳೂ ಇವೆ. ಮೃದಂಗದ ಎಡಮುಖ ತುಂಬಿ ಬರುತ್ತದೆ. ಆದರೆ 50 ಹರ್ಟ್ಜ್‌ಗಿಂತ ಕೆಳಗಿನ ಎಲೆಕ್ಟ್ರಾನಿಕ್ ಬಾಸ್ ಇಳಿದುಹೋಗುತ್ತದೆ. ಸದ್ದು ಹರಡಿಕೊಂಡಂತೆ ಕೇಳುವ ವೇದಿಕೆ ಅಗಲವಾಗಿಲ್ಲ, ಹಾಡುವವರು ಎದುರಿಗೇ ಕೂತಂತಿರುತ್ತದೆ. ಹಿಂಬದಿ ತೆರೆದ ವಿನ್ಯಾಸವಾದ್ದರಿಂದ ಫ್ಯಾನು, ಮಿಕ್ಸಿ, ಬೀದಿಯ ಹಾರನ್ನು ಎಲ್ಲವೂ ಒಳಗೆ ಬರುತ್ತವೆ. ನೀವು ಕೇಳುತ್ತಿರುವುದು ಪಕ್ಕದಲ್ಲಿ ಕೂತವರಿಗೂ ಕೇಳಿಸುತ್ತದೆ. ಆಫೀಸಿಗೂ ಬಸ್ಸಿಗೂ ಇದು ಆಗದ ವಸ್ತು.

ಇನ್ನು ಆಂಪ್, ಅಂದರೆ ಸಿಗ್ನಲನ್ನು ಬಲಪಡಿಸಿ ಹೆಡ್‌ಫೋನಿಗೆ ಕೊಡುವ ಪೆಟ್ಟಿಗೆ. ಈ ಹೆಡ್‌ಫೋನಿನ ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) 300 ಓಮ್. ‘300 ಓಮ್, ಭಾರಿ ಪವರ್ ಬೇಕು’ ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ. ಲೆಕ್ಕ ಹಾಕಿದರೆ ಹಾಗಿಲ್ಲ. 1 ವೋಲ್ಟ್ ಕೊಟ್ಟರೆ ಇದು 103 ಡೆಸಿಬಲ್ ಸದ್ದು ಮಾಡುತ್ತದೆ. ಸಂಗೀತದ ಅತಿ ಜೋರಿನ ಕ್ಷಣಕ್ಕೆ 110 ಡೆಸಿಬಲ್ ಇಟ್ಟುಕೊಳ್ಳೋಣ. ಇನ್ನೂ 7 ಡೆಸಿಬಲ್ ಬೇಕು, ಅಂದರೆ ಸುಮಾರು 2.2 ವೋಲ್ಟ್. 300 ಓಮಿನಲ್ಲಿ ಅದು 7.5 ಮಿಲಿಆಂಪಿಯರ್, 17 ಮಿಲಿವ್ಯಾಟ್ ಅಷ್ಟೇ. ಇದಕ್ಕೆ ಬೇಕಾದ್ದು ವೋಲ್ಟೇಜು, ವ್ಯಾಟ್ ಅಲ್ಲ. ಪೆಟ್ಟಿಗೆಯ ಮೇಲೆ ‘32 ಓಮಿಗೆ 1 ವ್ಯಾಟ್’ ಎಂದು ದೊಡ್ಡಕ್ಷರದಲ್ಲಿ ಬರೆದ ಆಂಪ್ 300 ಓಮಿಗೆ ಎಷ್ಟು ವೋಲ್ಟ್ ಕೊಡುತ್ತದೆ ಎಂಬ ಸಾಲನ್ನು ಹುಡುಕಿ ಓದಿ. ಸಂವೇದನೆಯ (ಇಷ್ಟು ಕೊಟ್ಟರೆ ಇಷ್ಟು ಸದ್ದು ಎಂಬ) ಅಂಕಿಯಲ್ಲೂ ಎಚ್ಚರ ಬೇಕು. ಕೆಲವರು ವೋಲ್ಟಿಗೆ ಕೊಡುತ್ತಾರೆ, ಕೆಲವರು ಮಿಲಿವ್ಯಾಟಿಗೆ. ಈ 103ನ್ನು ಮಿಲಿವ್ಯಾಟಿನ ಲೆಕ್ಕಕ್ಕೆ ತಂದರೆ ಸುಮಾರು 98 ಆಗುತ್ತದೆ. ಎರಡನ್ನೂ ಬೆರೆಸಿ ಹೋಲಿಸಿದರೆ 5 ಡೆಸಿಬಲ್ ತಪ್ಪುತ್ತದೆ.

ನಿಜಕ್ಕೂ ಪವರ್ ಕೇಳುವುದು ಪ್ಲೇನಾರ್ ಜಾತಿಯ (ಚಪ್ಪಟೆ ತೆಳುಹಾಳೆ ಕಂಪಿಸಿ ಸದ್ದು ಮಾಡುವ) ಕೆಲವು ಹೆಡ್‌ಫೋನ್‌ಗಳು. ಹೈಫೈಮನ್ ಎಚ್‌ಇ6 ಕೇವಲ 50 ಓಮ್, ಆದರೆ ಮಿಲಿವ್ಯಾಟಿಗೆ 83.5 ಡೆಸಿಬಲ್. ಅದೇ 110 ಮುಟ್ಟಲು ಅದಕ್ಕೆ ಸುಮಾರು 450 ಮಿಲಿವ್ಯಾಟ್, 95 ಮಿಲಿಆಂಪಿಯರ್ ಬೇಕು. ಓಮ್ ಕಡಿಮೆಯಿದ್ದ ಮಾತ್ರಕ್ಕೆ ಫೋನಿನಲ್ಲಿ ನಡೆಯುತ್ತದೆ ಎಂದುಕೊಳ್ಳುವುದು ಇಲ್ಲಿ ಕೈಕೊಡುತ್ತದೆ.

1 ವೋಲ್ಟ್ ಕೊಡುವ ಯುಎಸ್‌ಬಿ ಡಾಂಗಲ್‌ನಲ್ಲಿ (ಫೋನಿಗೆ ಸಿಕ್ಕಿಸುವ ಪುಟ್ಟ ಅಡಾಪ್ಟರ್) ಎಚ್‌ಡಿ 650 ರಾತ್ರಿಯ ನಿಶ್ಶಬ್ದದಲ್ಲಿ ಕೇಳಲು ಸಾಕು. ಸಣ್ಣ ದನಿಯಲ್ಲಿ ಮುದ್ರಿಸಿದ ಹಳೆಯ ಕಛೇರಿ ಹಾಕಿದಾಗ ಸಾಲುವುದಿಲ್ಲ. ಆಪಲ್ ಡಾಂಗಲ್ ಕೊಳ್ಳುವವರು ಒಂದು ವಿಷಯ ಗಮನಿಸಿ: ಯೂರೋಪಿನಲ್ಲಿ ಮಾರುವ ಮಾದರಿ ಕೊಡುವುದು ಅರ್ಧ ವೋಲ್ಟ್ ಮಾತ್ರ, ಮತ್ತು ಆಂಡ್ರಾಯ್ಡ್ ಫೋನಿಗೆ ಸಿಕ್ಕಿಸಿದರೆ ವಾಲ್ಯೂಮ್ ಪೂರ್ತಿ ಏರದೆ ನಿಲ್ಲುವುದು ಸಾಮಾನ್ಯ. ದೋಷ ಹೆಡ್‌ಫೋನಿನದಲ್ಲ.

ಈಕ್ವಲೈಜರ್ (ಬಾಸ್, ಟ್ರೆಬಲ್‌ಗಳನ್ನು ಏರಿಳಿಸುವ ಸಾಫ್ಟ್‌ವೇರ್) ಬಳಸುವವರ ಲೆಕ್ಕವೇ ಬೇರೆ. ಕೆಳಗಿನ ಬಾಸನ್ನು 6 ಡೆಸಿಬಲ್ ಏರಿಸಬೇಕೆಂದರೆ, ಡಿಜಿಟಲ್ ಸಿಗ್ನಲ್ ಒಡೆಯದಂತೆ ಅದರಲ್ಲಿನ ಪ್ರಿಆಂಪನ್ನು (ಒಟ್ಟು ಮಟ್ಟವನ್ನು) 6 ಡೆಸಿಬಲ್ ಇಳಿಸಲೇಬೇಕು. ಆ ನಷ್ಟವನ್ನು ಆಂಪ್ ತುಂಬಿಕೊಡಬೇಕಾಗುತ್ತದೆ: 2.2 ಇದ್ದದ್ದು 4.5 ವೋಲ್ಟ್ ಆಗುತ್ತದೆ. ಹಾಗಾಗಿ 300 ಓಮಿಗೆ 5 ವೋಲ್ಟ್ ಕೊಡುವ, ಔಟ್‌ಪುಟ್ ಇಂಪೀಡೆನ್ಸ್ (ಆಂಪಿನದೇ ಒಳತಡೆ) 1 ಓಮಿನ ಆಸುಪಾಸಿನಲ್ಲಿರುವ ಒಂದು ಸಾಲಿಡ್ ಸ್ಟೇಟ್ (ಟ್ರಾನ್ಸಿಸ್ಟರಿನ) ಆಂಪ್ ತಂದರೆ ಈ ಹೆಡ್‌ಫೋನಿನ ಮಟ್ಟಿಗೆ ಹುಡುಕಾಟ ಮುಗಿಯಿತು. ಆದರೆ ಬಾಸನ್ನು 6ಕ್ಕಿಂತ ಹೆಚ್ಚು ಏರಿಸಬೇಡಿ. ಜೋರಾಗಿಟ್ಟಾಗ ಹೆಡ್‌ಫೋನಿನೊಳಗೆ ಸದ್ದು ಹುಟ್ಟಿಸುವ ಡ್ರೈವರೇ ಅದನ್ನು ಕೆಡಿಸುತ್ತದೆ, ಅದನ್ನು ಯಾವ ಆಂಪೂ ಸರಿಪಡಿಸಲಾರದು.

ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಆಂಪಿನ ಮಾತು ಬಂದರೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ಓಟಿಎಲ್ ಆಂಪುಗಳು ಎಚ್‌ಡಿ 650ಕ್ಕೆ ಒಗ್ಗುತ್ತವೆ, ಅದಕ್ಕೆ ಕಾರಣವೂ ಇದೆ. ಈ ಹೆಡ್‌ಫೋನ್ ಎಲ್ಲ ಆವರ್ತನಗಳಲ್ಲೂ 300 ಓಮ್ ಇರುವುದಿಲ್ಲ. 100 ಹರ್ಟ್ಜ್ ಹತ್ತಿರ ಸುಮಾರು 500ಕ್ಕೆ ಏರುತ್ತದೆ. ಆಂಪಿನ ಔಟ್‌ಪುಟ್ ಇಂಪೀಡೆನ್ಸ್ 120 ಓಮ್ ಇದ್ದರೆ, ಅಲ್ಲಿ ಉಳಿದ ಕಡೆಗಿಂತ 1 ಡೆಸಿಬಲ್‌ನಷ್ಟು ಹೆಚ್ಚು ಸದ್ದು ಬರುತ್ತದೆ. ಜನ ‘ವಾಲ್ವಿನ ಬಿಸುಪು’ ಎಂದು ಮೆಚ್ಚುವುದರಲ್ಲಿ ಇದರ ಪಾಲು ದೊಡ್ಡದು. ನನಗೆ ಇದು ಗಾಯನಕ್ಕೆ ಹಿತ, ಘಟ ಖಂಜಿರಗಳ ನಡೆಗೆ ತುಸು ಮಂದ ಅನ್ನಿಸುತ್ತದೆ. ಅದೇ ಆಂಪಿಗೆ ಹೈಫೈಮನ್ ಕಂಪನಿಯ 37 ಓಮಿನ ‘ಸುಂದರ’ ಎಂಬ ಹೆಡ್‌ಫೋನ್ ಸಿಕ್ಕಿಸಿದರೆ 12 ಡೆಸಿಬಲ್‌ಗಿಂತ ಹೆಚ್ಚು ಆಂಪಿನೊಳಗೇ ಸೋರಿಹೋಗುತ್ತದೆ. ಹೆಡ್‌ಫೋನಿನ ಓಮಿನ ಎಂಟನೇ ಒಂದು ಭಾಗಕ್ಕಿಂತ ಆಂಪಿನದು ಕಡಿಮೆ ಇರಲಿ ಎಂಬ ರೂಢಿಯ ಅಳತೆ ಇಂಥ ಕಡೆ ಕಾಪಾಡುತ್ತದೆ.

ಡ್ಯಾಕ್‌ಗೆ (ಡಿಜಿಟಲ್ ಸಂಗೀತವನ್ನು ಅನಲಾಗ್ ಸಿಗ್ನಲ್ ಆಗಿಸುವ ಸಾಧನ) ಕೊನೆಯಲ್ಲಿ ಹಣ ಹಾಕಿ, ಕಡಿಮೆ ಹಾಕಿ. ಆರ್‌ಸಿಎಯಲ್ಲಿ (ಆಂಪಿಗೆ ಜೋಡಿಸುವ ಕೆಂಪು-ಬಿಳಿ ಸಾಕೆಟ್) 2 ವೋಲ್ಟ್ ಶುದ್ಧವಾಗಿ ಕೊಡುವ ಸಾಧಾರಣ ಡ್ಯಾಕಿಗೂ ಅದರ ಹತ್ತು ಪಟ್ಟು ಬೆಲೆಯದಕ್ಕೂ ಇರುವ ಅಂತರ, ಹೊಸ ಇಯರ್‌ಪ್ಯಾಡಿಗೂ ಚಪ್ಪಟೆಯಾದ ಇಯರ್‌ಪ್ಯಾಡಿಗೂ ಇರುವ ಅಂತರದ ಹತ್ತಿರಕ್ಕೂ ಬರುವುದಿಲ್ಲ. ಆಂಪಿನ ಬ್ಯಾಲೆನ್ಸ್ಡ್ ಔಟ್‌ಪುಟ್ (ಎರಡು ಕಿವಿಗೂ ಬೇರೆ ಬೇರೆ ಜೋಡಿ ತಂತಿ ಇರುವುದು) ವೋಲ್ಟೇಜನ್ನು ಸುಮಾರು ಇಮ್ಮಡಿಸುತ್ತದೆ. ಅದು ಬೇಕಿದ್ದರೆ ಕೊಳ್ಳಿ, ಸ್ವರ ಬದಲಾಗಲಿ ಎಂದು ಕೊಳ್ಳಬೇಡಿ.

ಆಂಪ್ ಬಂದ ಮೇಲೆ ಮೊದಲು ಲೋ ಗೇನ್‌ನಲ್ಲಿ (ಸದ್ದನ್ನು ಕಡಿಮೆ ಏರಿಸುವ ಸ್ವಿಚ್ ಸ್ಥಾನ) ಕೇಳಿ. ಹೈ ಗೇನ್ ಇಟ್ಟರೆ ನಾಬ್ ಆರಂಭದಲ್ಲೇ ನಿಲ್ಲಬೇಕಾಗುತ್ತದೆ, ಅಲ್ಲಿ ಎಡ ಬಲಗಳ ಮಟ್ಟ ಒಂದೇ ಇರುವುದಿಲ್ಲ. ಗಾಯಕರು ಒಂದು ಕಿವಿಯತ್ತ ವಾಲಿದ್ದಾರೆ ಅನ್ನಿಸಿದರೆ ಮೊದಲು ನೋಡಬೇಕಾದ್ದು ಇದನ್ನೇ. ಹಮ್ (ಗುಂಯ್‌ಗುಡುವ ಸದ್ದು) ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ನಿಂತುಹೋದರೆ ತೊಂದರೆ ಕರೆಂಟಿನ ಕಡೆಯದು: ಎಲ್ಲವನ್ನೂ ಸರಿಯಾದ ಅರ್ಥಿಂಗ್ ಇರುವ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ, ಅದಕ್ಕೂ ಬಗ್ಗದಿದ್ದರೆ ಯುಎಸ್‌ಬಿ ಐಸೊಲೇಟರ್ (ಲ್ಯಾಪ್‌ಟಾಪಿಗೂ ಡ್ಯಾಕಿಗೂ ನಡುವಿನ ವಿದ್ಯುತ್ ಕೊಂಡಿ ಕಡಿಯುವ ಸಾಧನ) ಹಾಕಿ.

ಈ ಹೆಡ್‌ಫೋನಿನ ದೊಡ್ಡ ಗುಣ ಅದರ ರಿಪೇರಿ. ಕೇಬಲ್, ಪ್ಯಾಡ್, ತಲೆಪಟ್ಟಿಯ ಮೆತ್ತೆ, ಡ್ರೈವರ್ ಕೂಡ ಬೆಸುಗೆಯಿಲ್ಲದೆ ಕಳಚಿ ಹಾಕಬಹುದು. ಪ್ಯಾಡು ಚಪ್ಪಟೆಯಾದಂತೆ ಕಿವಿ ಡ್ರೈವರಿಗೆ ಹತ್ತಿರವಾಗಿ ಸ್ವರದ ಸಮತೋಲ ಕೆಡುತ್ತದೆ; ಕರಾವಳಿಯ ಸೆಕೆ, ಬೆವರಿನಲ್ಲಿ ಇದು ಬೇಗ ಆಗುತ್ತದೆ. ಪ್ಯಾಡ್ ತೆಗೆದಾಗ ಒಳಗಿನ ತೆಳು ಫೋಮ್ ಪುಡಿಯಾಗಿದ್ದರೆ ಅದನ್ನೂ ಬದಲಿಸಿ, ಅದಿಲ್ಲದಿದ್ದರೆ ಮೇಲಿನ ಸ್ವರಗಳು ಹರಿತವಾಗುತ್ತವೆ. ಒಂದೇ ಕಡೆ ಗರಗರ ಅಂದರೆ ಡ್ರೈವರ್ ಸುಟ್ಟಿದೆ ಎಂದು ಹೆದರಬೇಡಿ. ಹೆಚ್ಚಿನ ಸಲ ತಲೆಗೂದಲೊಂದು ಒಳಗೆ ಇಳಿದು ಡ್ರೈವರಿನ ಕಂಪಿಸುವ ತೆಳುಪೊರೆ, ಅಂದರೆ ಡಯಾಫ್ರಮ್, ಮುಟ್ಟುತ್ತಿರುತ್ತದೆ. ಪ್ಯಾಡು, ಫೋಮ್ ತೆಗೆದು ಬೆಳಕಿಗೆ ಹಿಡಿದು ಚಿಮುಟದಿಂದ ಎತ್ತಿ. ಬಾಯಿಂದ ಜೋರಾಗಿ ಊದಬೇಡಿ.

ಸದ್ದು ಬಂದು ಹೋಗಿ ಮಾಡಿದರೆ ಕೇಬಲ್ ತುದಿಯ ಪಿನ್ನುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಎರಡು ಪಿನ್ನುಗಳಲ್ಲಿ ಒಂದು ದಪ್ಪ, ಒಂದು ತೆಳು. ಕೂರದಿದ್ದರೆ ತಿರುಗಿಸಿ ಹಾಕಿ, ಒತ್ತಬೇಡಿ. ಬಿಚ್ಚುವಾಗ ತಂತಿ ಹಿಡಿದು ಎಳೆಯದೆ ಪ್ಲಾಸ್ಟಿಕ್ ತುದಿಯನ್ನೇ ಹಿಡಿಯಿರಿ. ಹೊಸದರಲ್ಲಿ ತಲೆಗೆ ಬಿಗಿಯೆನಿಸಿದರೆ ಎರಡೂ ಕಡೆ ಸ್ಲೈಡರ್ ಪೂರ್ತಿ ಹೊರಗೆಳೆದು, ಹೊರಗೆ ಕಾಣುವ ಲೋಹದ ಪಟ್ಟಿಯನ್ನಷ್ಟೇ ಸ್ವಲ್ಪ ಸ್ವಲ್ಪವಾಗಿ ನೇರ ಮಾಡಿ. ಪ್ಲಾಸ್ಟಿಕ್ ಕಮಾನಿಗೆ ಬಲ ಬಿದ್ದರೆ ಬಿರುಕು ಬಿಡುತ್ತದೆ.