ತೋಟಾ ಸಲೀಸಾಗಿ ಕೂತಿತೆಂದರೆ ಅದು ನಿಮ್ಮ ಬಂದೂಕಿನದೇ ಎಂದಲ್ಲ

ನಮ್ಮ ಹೊಲ ಇರುವುದು ಗಂಗಾವತಿ ತಾಲ್ಲೂಕಿನ ಗುಡ್ಡದ ಅಂಚಿಗೆ. ಮೆಕ್ಕೆಜೋಳದ ತೆನೆ ಹಾಲುಗಾಳಿಗೆ ಬರುವ ಹೊತ್ತಿಗೆ ಕಾಡುಹಂದಿಗಳು ಇಳಿಯುತ್ತವೆ. ಅವುಗಳನ್ನು ಬೆದರಿಸಲು ಆಕಾಶಕ್ಕೆ ಒಂದು ಈಡು ಹಾರಿಸುವ ರೂಢಿ ಅಜ್ಜನ ಕಾಲದಿಂದಲೂ ಇದೆ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದಿರುವ ಬಂದೂಕೂ ಅಜ್ಜನದೇ, ಬರ್ಮಿಂಗ್‌ಹ್ಯಾಮ್‌ನಲ್ಲಿ ತಯಾರಾದ 12 ಬೋರಿನ (ಬೋರು ಎಂದರೆ ನಳಿಗೆಯ ಒಳ ಅಗಲದ ಅಳತೆ) ಜೋಡುನಳಿಗೆ. ಕಳೆದ ಹಂಗಾಮಿನಲ್ಲಿ ಅದರ ಬಲನಳಿಗೆ ನನ್ನ ಕೈಯಲ್ಲಿಯೇ ಸೀಳಿತು. ನಳಿಗೆಯ ಕೆಳಗಿನ ಕಟ್ಟಿಗೆ ಒಡೆದು ಅದರ ಸಿಬಿರುಗಳು ಎಡ ಅಂಗೈಗೆ ಹೊಕ್ಕವು. ಬಲಗಿವಿಯಲ್ಲಿ ಶುರುವಾದ ಗುಂಯ್ ಎಂಬ ಸದ್ದು ಇನ್ನೂ ನಿಂತಿಲ್ಲ. ಬಂದೂಕನ್ನು ಇನ್ನೂ ಐದು ಡಿಗ್ರಿ ಕೆಳಗೆ ಹಿಡಿದಿದ್ದರೆ ಆ ಸೀಳು ಕಣ್ಣಿನ ನೇರಕ್ಕೆ ಬರುತ್ತಿತ್ತೇನೋ ಎಂಬುದನ್ನು ನಾನು ಹೆಚ್ಚು ಯೋಚಿಸಲು ಹೋಗುವುದಿಲ್ಲ.

ಇದು ನಿಷ್ಕಾಳಜಿಯಿಂದ ಆದದ್ದಲ್ಲ, ತಪ್ಪು ಕಡೆ ಅಳೆದುದರಿಂದ ಆದದ್ದು. ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ಹಳೆಯ ತೋಟಾಗಳು ತೀರಿದ ಮೇಲೆ ಹೊಸವನ್ನು ತರಲು ಲೈಸೆನ್ಸ್ ಪುಸ್ತಕ ಹಿಡಿದು ಅಂಗಡಿಗೆ ಹೋಗಿದ್ದೆ. ಆ ಪುಸ್ತಕದಲ್ಲಿ ಡಿಬಿಬಿಎಲ್ (ಹಿಂದಿನಿಂದ ಬಾರು ಮಾಡುವ ಜೋಡುನಳಿಗೆ) ಎಂದಿದೆ, 12 ಬೋರ್ ಎಂದಿದೆ, ಬಂದೂಕಿನ ನಂಬರಿದೆ. ಚೇಂಬರಿನ, ಅಂದರೆ ನಳಿಗೆಯ ಹಿಂಬದಿಯಲ್ಲಿ ತೋಟಾ ಕೂಡುವ ಗೂಡಿನ, ಉದ್ದ ಎಷ್ಟೆಂಬುದು ಅದರಲ್ಲಿ ಎಲ್ಲಿಯೂ ಇಲ್ಲ. ಕೊಟ್ಟ ತೋಟಾದ ಮೇಲೆ 70 ಎಂದು ಮುದ್ರಿಸಿದ್ದನ್ನು ನೋಡಿ, ಇದು ನಮ್ಮ ಹಳೆಯ ಬಂದೂಕಿಗೆ ಆದೀತೇ ಎಂದು ಕೇಳಿದೆ. ‘ಹನ್ನೆರಡು ಬೋರು ಅಂದ್ರ ಹನ್ನೆರಡು ಬೋರು, ಗೌಡ್ರ. ಕೂಡ್ರಲಿಲ್ಲಂದ್ರ ವಾಪಸ್ ತಗೊಂಡ್ ಬರ್ರಿ’ ಎಂದರು. ಅವರ ಮಾತಿನಲ್ಲಿ ಮೋಸವಿರಲಿಲ್ಲ, ಆದರೆ ಅಪಾಯವೆಲ್ಲ ಆ ಎರಡನೆಯ ವಾಕ್ಯದಲ್ಲಿಯೇ ಇತ್ತು.

ಮನೆಗೆ ಬಂದು ಅಜ್ಜನ ಟ್ರಂಕಿನಿಂದ ಒಂದು ಖಾಲಿ ಹಿತ್ತಾಳೆ ತೋಟಾ ತೆಗೆದೆ. ಹಿಂದೆ ಇವನ್ನು ಮತ್ತೆ ಮತ್ತೆ ತುಂಬಿಸಿ ಬಳಸುತ್ತಿದ್ದರು: ಮದ್ದಿಗೆ ಕಿಡಿ ಹೊತ್ತಿಸುವ ಕೇಪು ಬದಲಿಸಿ, ಕರಿಮದ್ದು ಹಾಕಿ, ನಡುವೆ ಒತ್ತುಬಿಲ್ಲೆಯಿಟ್ಟು, ಚರೆ ಸುರಿದು, ಮೇಲೊಂದು ರಟ್ಟಿನ ಬಿಲ್ಲೆ ಮುಚ್ಚುತ್ತಿದ್ದರು. (ಲೈಸೆನ್ಸಿಲ್ಲದೆ ಮನೆಯಲ್ಲಿ ತೋಟಾ ತಯಾರಿಸುವುದು ಶಸ್ತ್ರ ಕಾಯ್ದೆಯ ಪ್ರಕಾರ ಅಪರಾಧ, ಹಳೆಯ ಕಥೆ ಕೇಳಿ ಯಾರೂ ಆ ಉಸಾಬರಿಗೆ ಹೋಗಬಾರದು.) ತುಂಬಿಸುವ ಮೊದಲು ಅಜ್ಜ ಪ್ರತಿಯೊಂದನ್ನೂ ಉಕ್ಕಿನ ಫೂಟುಪಟ್ಟಿಗೆ ಹಚ್ಚಿ ನೋಡುತ್ತಿದ್ದುದು ನನಗೆ ನೆನಪಿತ್ತು. ಎರಡೂವರೆ ಇಂಚು, ಅಂದರೆ ಸುಮಾರು 64 ಮಿಲಿಮೀಟರ್. ನಾನೂ ಅದೇ ಪಟ್ಟಿಯಿಂದ ಹೊಸ ಪ್ಲಾಸ್ಟಿಕ್ ತೋಟಾವನ್ನು ಅಳೆದೆ. ಅದು 60 ಮಿಲಿಮೀಟರನ್ನೂ ಮುಟ್ಟಲಿಲ್ಲ. ಹಳೆಯದಕ್ಕಿಂತ ಗಿಡ್ಡವಾಗಿರುವ ತೋಟಾ ಇಲ್ಲಿ ಹೆಚ್ಚಾಗುವುದು ಹೇಗೆ ಎಂದು ನಿರಾಳನಾದೆ. ಬಾರು ಮಾಡಿದಾಗ ಬೆಣ್ಣೆಯಲ್ಲಿ ಕೂದಲು ಎಳೆದಷ್ಟು ಸಲೀಸಾಗಿ ಒಳಗೆ ಕೂತಿತು.

ಆಗ ನನಗೆ ಗೊತ್ತಿಲ್ಲದ ಸಂಗತಿ ಇಷ್ಟೇ. ತೋಟಾದ ಮೇಲೆ ಮುದ್ರಿಸುವ 65 (ಎರಡೂವರೆ ಇಂಚಿನ ಚೇಂಬರಿನದು) ಅಥವಾ 70 (ಎರಡೂ ಮುಕ್ಕಾಲು ಇಂಚಿನದು) ಎಂಬ ಮಿಲಿಮೀಟರಿನ ಅಂಕಿ ಅದು ಡಬ್ಬಿಯಲ್ಲಿರುವಾಗಿನ ಉದ್ದವಲ್ಲ, ಈಡು ಹಾರಿದ ಮೇಲೆ ಬಾಯಿ ಪೂರ್ತಿ ಬಿಚ್ಚಿಕೊಂಡಾಗಿನ ಉದ್ದ. ಹಿತ್ತಾಳೆ ತೋಟಾಕ್ಕೆ ಮಡಿಕೆಯಿಲ್ಲದಿರುವುದರಿಂದ ಅದರ ಉದ್ದ ಹಾರುವ ಮೊದಲೂ ಅಷ್ಟೇ, ಹಾರಿದ ಮೇಲೂ ಅಷ್ಟೇ. ಅಜ್ಜನ ಅಳತೆ ಅವನ ತೋಟಾಕ್ಕೆ ಸರಿಯಾಗಿಯೇ ಇತ್ತು. ಪ್ಲಾಸ್ಟಿಕ್ ತೋಟಾದ ಬಾಯಿಯನ್ನಾದರೋ ಹೂವಿನ ಎಸಳಿನಂತೆ ಆರು ಅಥವಾ ಎಂಟು ಮಡಿಕೆ ಮಾಡಿ ಒಳಕ್ಕೆ ಮಡಚಿರುತ್ತಾರೆ. ಈಡು ಹಾರಿದಾಗ ಆ ಎಸಳುಗಳು ಮುಂದಕ್ಕೆ ಬಿಚ್ಚಿಕೊಳ್ಳಬೇಕು, ಅದಕ್ಕೆ ಚೇಂಬರಿನೊಳಗೆ ಜಾಗ ಇರಬೇಕು. ಎರಡೂವರೆ ಇಂಚಿನ ಹಳೆಯ ಚೇಂಬರಿನಲ್ಲಿ 70ರ ತೋಟಾಕ್ಕೆ ಹೆಚ್ಚುಕಡಿಮೆ ಕಾಲು ಇಂಚು ಜಾಗ ಸಾಲದು. ಚೇಂಬರು ಮುಗಿದು ನಳಿಗೆ ಕಿರಿದಾಗುವ ಇಳಿಜಾರಿನಲ್ಲಿಯೇ ಎಸಳುಗಳು ಬಿಚ್ಚಿಕೊಂಡು, ದಾರಿಯನ್ನು ಇಕ್ಕಟ್ಟು ಮಾಡುತ್ತವೆ. ಚರೆ ಮತ್ತು ಬಿಲ್ಲೆ ಆ ಇಕ್ಕಟ್ಟಿನಲ್ಲಿ ತೂರಿ ಹೋಗಬೇಕಾಗಿ ಹಿಂದಿನ ಒತ್ತಡ ಏರುತ್ತದೆ. ರೈಫಲ್ಲಿನಲ್ಲಿಯೂ ಕಥೆ ಬೇರೆಯಲ್ಲ: ತೋಟಾದ ಕೊರಳು ಚೇಂಬರಿಗಿಂತ ಉದ್ದವಾದರೆ ಅದು ಮುಂದಿನ ಇಕ್ಕಟ್ಟಿಗೆ ಸಿಕ್ಕಿ ಗುಂಡನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಒತ್ತಡ ಮಿತಿ ಮೀರುತ್ತದೆ.

ಒಂದೇ ಈಡಿಗೆ ನಳಿಗೆ ಸೀಳುವುದು ಅಪರೂಪ, ಆದ್ದರಿಂದಲೇ ಮೋಸ ಹೋಗುತ್ತೇವೆ. ನಮ್ಮ ಬಂದೂಕು ಮೊದಲ ಹಂಗಾಮಿನಲ್ಲಿಯೇ ಹೇಳಿತ್ತು. ಭುಜಕ್ಕೆ ಒದೆತ ಜೋರಾಗಿತ್ತು. ಹೊಸ ಮದ್ದಿನ ಖಡಕ್ಕು ಎಂದುಕೊಂಡೆ. ಖಾಲಿ ತೋಟಾ ಹೊರಬರದೆ ಚಾಕುವಿನ ತುದಿಯಿಂದ ಎಬ್ಬಬೇಕಾಗುತ್ತಿತ್ತು. ಚೇಂಬರಿಗೆ ಎಣ್ಣೆ ಸಾಲದು ಎಂದುಕೊಂಡೆ. ಹೊರಬಂದ ಖಾಲಿಗಳ ಬಾಯಂಚು ಅಗಿದ ಕಬ್ಬಿನ ತುದಿಯ ಹಾಗೆ ಎಳೆ ಎಳೆಯಾಗಿರುತ್ತಿತ್ತು. ಅದನ್ನು ನೋಡಿಯೂ ನೋಡಲಿಲ್ಲ. ನನ್ನ ಕಾಕಾ ಮಾತ್ರ ಒಂದನ್ನು ಕೈಯಲ್ಲಿ ಹಿಡಿದು, ‘ತಮ್ಮಾ, ಇದು ಎಲ್ಲೋ ತಿಕ್ಕಾಕತ್ತೈತಿ ನೋಡೋ’ ಎಂದಿದ್ದ. ಮರುವರ್ಷ ತಿಕ್ಕಿದ್ದು ಎಲ್ಲಿ ಎಂಬುದು ಗೊತ್ತಾಯಿತು: ಸೀಳು ಬಿಟ್ಟಿದ್ದು ಸರಿಯಾಗಿ ಚೇಂಬರಿನ ಇಳಿಜಾರಿನ ನೆತ್ತಿಯಲ್ಲಿ. ಒಳಗೆ ಹಳೆಯ ತುಕ್ಕಿನ ಕುಳಿಗಳೂ ಇದ್ದವು. ತೆಳುವಾದ ಗೋಡೆ, ಏರಿದ ಒತ್ತಡ, ಎರಡೂ ಕೂಡಿದ್ದವು.

ಬಂದೂಕು ಒತ್ತಡ ತಾಳುತ್ತದೆಯೇ ಎಂದು ಪರೀಕ್ಷಿಸಿ ನಳಿಗೆಯ ತಳದಲ್ಲಿ ಒತ್ತುವ ಮುದ್ರೆಗಳನ್ನು ಓದಿದ್ದರೆ ಸಾಕಿತ್ತಲ್ಲ ಎಂದು ಕೆಲವರು ಕೇಳಿದರು. ಓದಬೇಕು, ಆದರೆ ಅದು ಯಾವಾಗಲೂ ಸಾಲುವುದಿಲ್ಲ. ಬ್ರಿಟನ್ನಿನ ಬಂದೂಕುಗಳಲ್ಲಿ 1925ರ ನಿಯಮಗಳ ನಂತರ ಪರೀಕ್ಷೆಯಾದವುಗಳ ಮೇಲೆ ಚೇಂಬರಿನ ಉದ್ದವನ್ನು ಇಂಚಿನಲ್ಲಿ ಒತ್ತಿರುತ್ತಾರೆ. ನಮ್ಮದು ಅದಕ್ಕಿಂತ ಹಿಂದಿನದು. ಅದರ ಮೇಲಿದ್ದದ್ದು ವಜ್ರಾಕಾರದೊಳಗೆ 12 ಮತ್ತು ಸಿ ಎಂಬ ಅಕ್ಷರ ಮಾತ್ರ. ಚೇಂಬರು ಮೂರು ಇಂಚಿಗಿಂತ ಕಡಿಮೆ ಎಂಬುದಷ್ಟೇ ಅದರ ಅರ್ಥ. ಎರಡೂವರೆಯೋ ಎರಡೂ ಮುಕ್ಕಾಲೋ ಎಂಬುದು ಅದರಿಂದ ತಿಳಿಯುವುದಿಲ್ಲ.

ಹಾಗಾಗಿ ಅಳೆಯಬೇಕಾದದ್ದು ತೋಟಾವನ್ನಲ್ಲ, ಚೇಂಬರನ್ನು. ಬಂದೂಕು ರಿಪೇರಿಯವರ ಬಳಿ ಅದಕ್ಕೆಂದೇ ಗೇಜು ಇರುತ್ತದೆ. ಅದಿಲ್ಲದಿದ್ದರೆ, ಬಂದೂಕು ಖಾಲಿಯಾಗಿದೆಯೆಂದು ಎರಡು ಸಲ ನೋಡಿಕೊಂಡು, ಮುಕ್ಕಾಲು ಇಂಚು ಅಗಲದ ಉಕ್ಕಿನ ಪಟ್ಟಿಯನ್ನು ಹಿಂದಿನಿಂದ ಚೇಂಬರಿನೊಳಗೆ ಮೆಲ್ಲಗೆ ಇಳಿಬಿಟ್ಟರೆ ಅದರ ಅಂಚುಗಳು ಇಳಿಜಾರಿಗೆ ತಾಗಿ ನಿಲ್ಲುತ್ತವೆ. ಇದು ಅಂದಾಜಿನ ಅಳತೆ, ಪಟ್ಟಿ ಇಳಿಜಾರಿನೊಳಗೆ ತುಸು ಇಳಿದು ನಿಲ್ಲುವುದರಿಂದ ನಿಜಕ್ಕಿಂತ ಹೆಚ್ಚು ತೋರಿಸಬಹುದು; 65ಕ್ಕೂ 70ಕ್ಕೂ ಇರುವ ವ್ಯತ್ಯಾಸವನ್ನು ಗೇಜಿನಿಂದಲೇ ಖಚಿತ ಮಾಡಿಕೊಳ್ಳಬೇಕು. ಅನುಮಾನ ಉಳಿದರೆ ಹಾರಿಸಬೇಡಿ. ಚೇಂಬರನ್ನು ಲೇತಿನಲ್ಲಿ ಕೊರೆಸಿ ಉದ್ದ ಮಾಡಿಸಿಕೊಳ್ಳಿ ಎಂದು ನನಗೆ ಸಲಹೆ ಕೊಟ್ಟವರೂ ಇದ್ದಾರೆ. ಗೋಡೆ ದಪ್ಪವಾಗಿರಬೇಕಾದ ಜಾಗದಲ್ಲಿಯೇ ಕಬ್ಬಿಣ ಕೆರೆದು ತೆಗೆಯುವ ಈ ಬುದ್ಧಿವಂತಿಕೆಗೆ ನಾನು ಕೈ ಮುಗಿದೆ.

ಬಂದೂಕನ್ನೂ ಉಳಿದ ಹನ್ನೊಂದು ತೋಟಾಗಳನ್ನೂ ಠಾಣೆಗೆ ಒಪ್ಪಿಸಿದ್ದಾಯಿತು. ಊರಿನಲ್ಲಿ ಲೈಸೆನ್ಸ್ ಇರುವ ಇನ್ನಿಬ್ಬರ ಬಂದೂಕಿಗೆ ಅಜ್ಜನ ಫೂಟುಪಟ್ಟಿ ಇಳಿಬಿಟ್ಟು ನೋಡಿದೆವು. ಒಂದು ಎರಡೂವರೆ ಇಂಚಿನದೇ, ಅವರ ಮನೆಯಲ್ಲಿದ್ದ ತೋಟಾಗಳೆಲ್ಲ 70ರವು. 65 ಎಂದು ಮುದ್ರಿಸಿದ್ದು ಸಿಗುವವರೆಗೆ ಅವರು ಬಂದೂಕನ್ನು ಕಪಾಟಿನಲ್ಲಿಟ್ಟಿದ್ದಾರೆ. ಈ ಸಲದ ಮೆಕ್ಕೆಜೋಳವನ್ನು ನಾವೆಲ್ಲ ಎಣ್ಣೆ ಡಬ್ಬಾ ಬಡಿದೇ ಕಾದೆವು.