ಶೋ ಕಾರಿನ ಆಂಪ್‌ಗೆ ಯಾವ ವೈರ್: ಸಿಸಿಎ ಕಿಟ್, ಓಎಫ್‌ಸಿ, ಇಲ್ಲಾ ವೆಲ್ಡಿಂಗ್ ಕೇಬಲ್?

ಮೊದಲೇ ಹೇಳಿಬಿಡುತ್ತೇನೆ: 35 ಸ್ಕ್ವೇರ್ ಎಂಎಂ ತಾಮ್ರದ ವೆಲ್ಡಿಂಗ್ ಕೇಬಲ್ ತನ್ನಿ. ಸಿಸಿಎ ಕಿಟ್ ಹಾಕಿ, ಕಿತ್ತು, ಅದೇ ಕಾರಿನಲ್ಲಿ ಅದೇ ಆಂಪ್‌ಗೆ, ಅಂದರೆ ಆಂಪ್ಲಿಫೈಯರ್‌ಗೆ, ಇನ್ನೆರಡು ಬಗೆಯ ವೈರ್ ಎಳೆದು ನೋಡಿದ ಮೇಲೆ ಹೇಳುತ್ತಿರುವ ಮಾತು.

ಕಾರು ಸ್ವಿಫ್ಟ್. ಡಿಕ್ಕಿಯಲ್ಲಿ 12 ಇಂಚಿನ ಎರಡು ಸಬ್‌ವೂಫರ್, ಒಂದೊಂದರಲ್ಲೂ 4 ಓಮ್‌ನ ಎರಡೆರಡು ಕಾಯಿಲ್. ನಾಲ್ಕನ್ನೂ ಪ್ಯಾರಲಲ್ ಸೇರಿಸಿದರೆ ಆಂಪ್‌ಗೆ ಕಾಣುವ ಲೋಡ್ 1 ಓಮ್. ಆಂಪ್ ಕ್ಲಾಸ್ ಡಿ ಮೋನೋಬ್ಲಾಕ್, ಅಂದರೆ ಒಂದೇ ಚಾನೆಲ್‌ನದು, 1 ಓಮ್‌ಗೆ 1500 ವ್ಯಾಟ್ ಆರ್‌ಎಂಎಸ್ (ಎಡೆಬಿಡದೆ ಕೊಡಬಲ್ಲ ಪವರ್). ಬಾನೆಟ್ಟಿನ ಬ್ಯಾಟರಿಯಿಂದ ಡಿಕ್ಕಿಗೆ ಸುತ್ತಿ ಬಳಸಿ 5 ಮೀಟರ್ ವೈರ್. ಈ ಆಂಪ್ ಪೂರ್ತಿ ದುಡಿಯುವಾಗ 140 ಆಂಪಿಯರ್ ಆಸುಪಾಸು ಎಳೆಯುತ್ತದೆ, ಹಾಡಿನಲ್ಲಿ ಸರಾಸರಿ ಅದಕ್ಕಿಂತ ಬಹಳ ಕಡಿಮೆ. ಲೆಕ್ಕ ಸುಲಭವಾಗಲಿ ಅಂತ ಇಲ್ಲಿ ಎಲ್ಲವನ್ನೂ 100 ಆಂಪಿಯರ್‌ಗೆ ಹೋಲಿಸಿದ್ದೇನೆ.

ಸಿಸಿಎ ಅಂದರೆ ಅಲ್ಯೂಮಿನಿಯಂ ಎಳೆಯ ಮೇಲೆ ತೆಳ್ಳಗೆ ತಾಮ್ರ ಹೊದಿಸಿದ್ದು. ಹಾಸನದ ಬಿ.ಎಂ. ರಸ್ತೆಯಿರಲಿ, ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಿರಲಿ, ಆಂಪ್ ಕಿಟ್ ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು ಇದೇ. ಅದೇ ದಪ್ಪದ ತಾಮ್ರ ಒಯ್ಯುವುದರಲ್ಲಿ ಇದು ಮೂರನೇ ಎರಡು ಭಾಗವನ್ನಷ್ಟೇ ಒಯ್ಯುತ್ತದೆ. 4 ಗೇಜ್ ಅಂದರೆ 21 ಸ್ಕ್ವೇರ್ ಎಂಎಂ ಲೋಹ ಇರಬೇಕು. ಅಷ್ಟು ನಿಜವಾಗಿ ಇದ್ದರೂ 5 ಮೀಟರಿಗೆ 100 ಆಂಪಿಯರ್‌ನಲ್ಲಿ 0.65 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಕಿಟ್ಟಿನ ವೈರಿನಲ್ಲಿ ಅಷ್ಟೂ ಇರುವುದಿಲ್ಲ, ರಬ್ಬರು ದಪ್ಪ, ಒಳಗಿನ ಲೋಹ ಸಣ್ಣ. 0.65 ವೋಲ್ಟ್ ಅಂದರೆ 65 ವ್ಯಾಟ್ ಬಿಸಿ. ಹಳೇ ಕಾಲದ 60 ಕ್ಯಾಂಡಲ್ ಬಲ್ಬ್ ಒಂದನ್ನು ಕಾರ್ಪೆಟ್ ಕೆಳಗೆ ಉರಿಸಿಟ್ಟ ಹಾಗೆ.

ಓಎಫ್‌ಸಿ, ಅಂದರೆ ಆಕ್ಸಿಜನ್ ತೆಗೆದ ಶುದ್ಧ ತಾಮ್ರ, 1/0 ಗೇಜ್‌ನದು 53 ಸ್ಕ್ವೇರ್ ಎಂಎಂ. ಅದೇ ಲೆಕ್ಕಕ್ಕೆ 0.16 ವೋಲ್ಟ್ ಹೋಗುತ್ತದೆ. ಮೂರರಲ್ಲಿ ಇದೇ ಶ್ರೇಷ್ಠ, ಮಾತಿಲ್ಲ. ಮೆತ್ತಗಿದೆ, ನೋಡಲು ಚಂದ. ಆದರೆ ಕಿಟ್ ಪೂರ್ತಿ ಬರುವ ದುಡ್ಡಿಗೆ ಇದು ಎರಡು ಮೂರು ಮೀಟರ್ ಬಂದರೆ ಹೆಚ್ಚು, ಅದೂ ಬೆಂಗಳೂರಿನಿಂದ ತರಿಸಬೇಕು.

ವೆಲ್ಡಿಂಗ್ ಕೇಬಲ್ 35 ಸ್ಕ್ವೇರ್‌ನದು 0.25 ವೋಲ್ಟ್, 50 ಸ್ಕ್ವೇರ್‌ನದು 0.18 ವೋಲ್ಟ್. ವೆಲ್ಡಿಂಗ್ ರಾಡ್ ಮಾರುವ ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ಮೇಲಿನ ಹೊದಿಕೆ ಎಚ್‌ಒಎಫ್‌ಆರ್ ಅಂತ ಇರುವುದನ್ನೇ ಕೇಳಿ: ಬಿಸಿ ಮತ್ತು ಎಣ್ಣೆ ತಡೆಯುವ, ಬೇಗ ಬೆಂಕಿ ಹಿಡಿಯದ ರಬ್ಬರು ಅದು. ಐಎಸ್ 9857 ಅಂತ ಮೇಲೆ ಅಚ್ಚಾಗಿರಬೇಕು. ಎಂಜಿನ್ ಪಕ್ಕದಲ್ಲಿ ಹಾಯುವ ವೈರಿಗೆ ಇದಕ್ಕಿಂತ ಒಳ್ಳೇ ಹೊದಿಕೆ ಆಡಿಯೋ ಅಂಗಡಿಯಲ್ಲಿ ಸಿಗುವುದು ಕಷ್ಟ.

ಇಲ್ಲೊಂದು ಮೋಸ ಹೋಗುವ ಜಾಗವಿದೆ. ಅಲ್ಯೂಮಿನಿಯಂನ ವೆಲ್ಡಿಂಗ್ ಕೇಬಲ್ಲೂ ಅದೇ ಅಂಗಡಿಯಲ್ಲಿ, ಅದೇ ಕಪ್ಪು ಹೊದಿಕೆಯಲ್ಲಿ ನೇತಾಡುತ್ತಿರುತ್ತದೆ. ಕತ್ತರಿಸಿದ ತುದಿ ನೋಡಿ, ಒಂದು ಎಳೆಯನ್ನು ಬ್ಲೇಡಿನಲ್ಲಿ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಬೇಡ. ತವರ ಲೇಪಿಸಿದ ತಾಮ್ರ ಇದಕ್ಕೆ ಉಲ್ಟಾ: ಹೊರಗೆ ಬಿಳಿ, ಕೆರೆದರೆ ಕೆಂಪು. ಅನುಮಾನ ಉಳಿದರೆ 10 ಸೆಂಟಿಮೀಟರ್ ತುಂಡಿನ ರಬ್ಬರು ಪೂರ್ತಿ ಸುಲಿದು ಏಲಕ್ಕಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಇಡಿ. 35 ಸ್ಕ್ವೇರ್ ತಾಮ್ರವಾದರೆ 31 ಗ್ರಾಂ. ಅಲ್ಯೂಮಿನಿಯಂ ಆದರೆ ಹತ್ತು ಗ್ರಾಂ ಸಹ ಬರುವುದಿಲ್ಲ, ಸಿಸಿಎ ಹನ್ನೆರಡರ ಹತ್ತಿರ. 25 ಗ್ರಾಂ ಬಂತು, ಎಳೆ ಮಾತ್ರ ಕೆಂಪಗಿದೆ ಅಂದರೆ ತಾಮ್ರ ಸರಿ, ಅಳತೆಯಲ್ಲಿ ಕಳ್ಳತನ.

ಇನ್ನು ತಲೆನೋವಿನ ವಿಷಯ: ಲಗ್, ಅಂದರೆ ಬೋಲ್ಟ್‌ಗೆ ಬಿಗಿಯಲು ಕೇಬಲ್‌ನ ತುದಿಗೆ ಒತ್ತಿ ಕೂರಿಸುವ ತಾಮ್ರದ ಕೊಳವೆ. ವೆಲ್ಡಿಂಗ್ ಕೇಬಲ್ ಬೈದು ಮತ್ತೆ ಸಿಸಿಎಗೆ ಹೋಗುವವರೆಲ್ಲ ಎಡವುವುದು ಇಲ್ಲೇ.

ಈ ಕೇಬಲ್‌ನ ಒಳಗಿರುವುದು ಕೂದಲಿನಂಥ ಎಳೆಗಳು. 0.2 ಮಿಲಿಮೀಟರಿನ ಎಳೆಯಾದರೆ 35 ಸ್ಕ್ವೇರ್‌ಗೆ ಸಾವಿರದ ನೂರರ ಮೇಲೆ ಬೇಕು. ಎಳೆಗೂ ರಬ್ಬರಿಗೂ ಅಂಟದಿರಲಿ ಅಂತ ನಡುವೆ ತೆಳು ಕಾಗದ ಅಥವಾ ಪ್ಲಾಸ್ಟಿಕ್ ಟೇಪ್ ಸುತ್ತಿರುತ್ತಾರೆ. ರಬ್ಬರು ಸುಲಿದಾಗ ಅದರ ಚೂರು ಎಳೆಗಳ ಸಂದಿಯಲ್ಲಿ ಉಳಿದುಬಿಡುತ್ತದೆ. ಹಾಗೇ ಲಗ್‌ನೊಳಗೆ ತೂರಿಸಿ ಒತ್ತಿದರೆ ಹೊರಗಿನಿಂದ ಎಲ್ಲ ಸರಿಯಾಗಿಯೇ ಕಾಣುತ್ತದೆ, ಎಳೆದರೂ ಬರುವುದಿಲ್ಲ. ಎರಡು ಹಾಡು ಮುಗಿಯುವಷ್ಟರಲ್ಲಿ ಲಗ್ ಮುಟ್ಟಲಾಗದಷ್ಟು ಸುಡುತ್ತದೆ. ಒಂದೇ ಒಂದು ಮಿಲಿಓಮ್ ಹೆಚ್ಚಾದರೂ 100 ಆಂಪಿಯರ್‌ನಲ್ಲಿ 10 ವ್ಯಾಟ್ ಬಿಸಿ ಆ ಬೆರಳುದ್ದದ ತಾಮ್ರದಲ್ಲೇ ಹುಟ್ಟುತ್ತದೆ. ಆಮೇಲೆ ಮೇಲೆ ಹಾಕಿದ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ಕಂದಾಗುತ್ತದೆ, ಬೈಗುಳ ಮಾತ್ರ ಕೇಬಲ್‌ಗೆ.

ಸರಿಯಾದ ಕ್ರಮ ಹೀಗೆ. ಲಗ್‌ನ ಕೊಳವೆಯ ಆಳಕ್ಕಿಂತ 2 ಮಿಲಿಮೀಟರ್ ಹೆಚ್ಚು ಸುಲಿಯಿರಿ, ಬ್ಲೇಡ್ ಎಳೆಗೆ ತಾಗದಿರಲಿ. ಎಳೆಗಳನ್ನು ಪೊರಕೆಯ ಹಾಗೆ ಬಿಡಿಸಿ, ಕಾಗದದ ಚೂರು, ಬಿಳಿ ಪುಡಿ ಹೋಗುವಂತೆ ಹಲ್ಲುಜ್ಜುವ ಬ್ರಷ್‌ನಿಂದ ಝಾಡಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ ಆರಲು ಬಿಡಿ. ಮತ್ತೆ ಮೊದಲಿನ ದಿಕ್ಕಿಗೇ ಹುರಿ ಮಾಡಿ. ತವರ ಲೇಪದ 35 ಸ್ಕ್ವೇರ್ ತಾಮ್ರದ ಲಗ್, ಬೋಲ್ಟ್‌ಗೆ ತಕ್ಕಂತೆ 8 ಅಥವಾ 10 ಮಿಲಿಮೀಟರ್ ತೂತಿನದು. ಹೈಡ್ರಾಲಿಕ್ ಕ್ರಿಂಪರ್‌ನಲ್ಲಿ 35ರ ಡೈ ಹಾಕಿ ಎರಡು ಕಡೆ ಒತ್ತಬೇಕು. ಸುತ್ತಿಗೆ, ಉಳಿ, ವೈಸ್ ಯಾವುದೂ ನಡೆಯುವುದಿಲ್ಲ. ಕ್ರಿಂಪರ್ ಕೊಂಡುಕೊಳ್ಳಬೇಕಿಲ್ಲ. ಕಾಫಿ ತೋಟಗಳಿಗೆ ಸ್ಪ್ರಿಂಕ್ಲರ್ ಪಂಪು, ಜನರೇಟರ್ ಕೂರಿಸುವ ಎಲೆಕ್ಟ್ರಿಷಿಯನ್‌ಗಳ ಬಳಿ ಇರುತ್ತದೆ. ಅಳತೆ ಮಾಡಿ ಕತ್ತರಿಸಿದ ಕೇಬಲ್ ತೆಗೆದುಕೊಂಡು ಹೋದರೆ ಅರ್ಧ ಗಂಟೆಯ ಕೆಲಸ. ಕೊನೆಗೆ ಒಳಗೆ ಅಂಟಿರುವ ಹೀಟ್ ಶ್ರಿಂಕ್, 5 ಸೆಂಟಿಮೀಟರ್.

ಆಂಪ್‌ನ ತುದಿಯಲ್ಲಿ ಇನ್ನೊಂದು ತೊಡಕು. ಟರ್ಮಿನಲ್ 4 ಗೇಜ್‌ನದಾದರೆ 35 ಸ್ಕ್ವೇರ್ ತೂರುವುದೇ ಇಲ್ಲ. ಅರ್ಧ ಎಳೆ ಕತ್ತರಿಸಿ ತುರುಕುವುದನ್ನು ಬಹಳ ಕಡೆ ನೋಡಬಹುದು, ಮಾಡಬೇಡಿ. ತಾಮ್ರದ ಪಿನ್ ಲಗ್ ಸಿಗುತ್ತದೆ, ಹಿಂದೆ 35ರ ಕೊಳವೆ, ಮುಂದೆ ಸಪೂರ ಕಡ್ಡಿ. ತುದಿಗೆ ಸೀಸ (ಸೋಲ್ಡರ್) ಹಿಡಿಸಿ ಸ್ಕ್ರೂ ಕೆಳಗೆ ಬಿಗಿಯುವುದೂ ತಪ್ಪು. ಒತ್ತಡಕ್ಕೆ ಸೀಸ ನಿಧಾನಕ್ಕೆ ಜರುಗುತ್ತದೆ, ಸ್ಕ್ರೂ ತಾನಾಗಿ ಸಡಿಲಾಗುತ್ತದೆ.

ಸಿಸಿಎಗೂ ಇದೇ ಕಾಯಿಲೆ, ಅದೂ ಹುಟ್ಟಿನಿಂದ. ಅಲ್ಯೂಮಿನಿಯಂ ಮೆತ್ತನೆ ಲೋಹ, ಬಿಗಿದ ಸ್ಕ್ರೂ ಕೆಳಗೆ ಹರಡಿಕೊಳ್ಳುತ್ತದೆ. ಅದರ ಮೇಲೆ ನಮ್ಮ ಮಳೆ. ಸಕಲೇಶಪುರ, ಮೂಡಿಗೆರೆ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರಿನ ಕಾರ್ಪೆಟ್ ಪೂರ್ತಿ ಒಣಗುವುದೇ ಇಲ್ಲ. ತೇವದಲ್ಲಿ ಅಲ್ಯೂಮಿನಿಯಂ ಎಳೆ ತಾಮ್ರದ ಲಗ್‌ಗೆ ತಾಗಿಕೊಂಡಿದ್ದರೆ ತಿಂದುಹೋಗುವುದು ಅಲ್ಯೂಮಿನಿಯಮ್ಮೇ. ಒಂದು ಮಳೆಗಾಲ ಕಳೆದು ಲಗ್ ಬಿಚ್ಚಿದರೆ ಸುಣ್ಣದಂಥ ಬಿಳಿ ಪುಡಿ ಉದುರುತ್ತದೆ. ಬಯಲುಸೀಮೆಯವರಿಗೆ ನಾಲ್ಕು ವರ್ಷ ಬಾಳಿದ ಕಿಟ್ ಇಲ್ಲಿ ಬಾಳಲಿಲ್ಲ ಅಂದರೆ ಕಾರಣ ಇದು.

ಶಬ್ದದಲ್ಲಿ ವ್ಯತ್ಯಾಸವೆಷ್ಟು? ಪ್ರಾಮಾಣಿಕವಾಗಿ ಹೇಳಬೇಕೆಂದರೆ ಕಡಿಮೆ. 13.8 ವೋಲ್ಟ್ ಇದ್ದದ್ದು 12.8ಕ್ಕೆ ಇಳಿದರೆ ಪವರ್ ನೂರಕ್ಕೆ 14ರಷ್ಟು ಇಳಿಯುತ್ತದೆ, ಡೆಸಿಬೆಲ್‌ನಲ್ಲಿ ಅದು 0.65. ಕಿವಿಗೆ ಗೊತ್ತಾಗುವುದು ಅನುಮಾನ. ದುಡ್ಡು ಹಾಕಬೇಕಾದದ್ದು ಬೇರೆ ಕಾರಣಕ್ಕೆ: ಆಂಪ್ ಪ್ರೊಟೆಕ್ಟ್‌ಗೆ ಹೋಗಬಾರದು (ತನ್ನನ್ನು ಉಳಿಸಿಕೊಳ್ಳಲು ತಾನೇ ಆಫ್ ಆಗಬಾರದು), ಫ್ಯೂಸ್ ಹೋಲ್ಡರ್ ಕರಗಬಾರದು, ವೋಲ್ಟೇಜ್ ಬಿದ್ದು ಆಂಪ್ ಕ್ಲಿಪ್ ಆಗಿ (ಅಲೆಯ ತುದಿ ಕತ್ತರಿಸಿಹೋಗಿ) ಸಬ್‌ನ ಕಾಯಿಲ್ ಸುಡಬಾರದು.

ಪರೀಕ್ಷೆ ಮಾಡುವುದಾದರೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್‌ಗೆ, ಉದ್ದ ವೈರ್ ಸೇರಿಸಿ ಇನ್ನೊಂದು ಕಡ್ಡಿ ಆಂಪ್‌ನ ಪ್ಲಸ್‌ಗೆ. 50 ಹರ್ಟ್ಜ್ ಟೋನ್ ಐದೇ ಸೆಕೆಂಡ್. ಕಾಣುವ ವೋಲ್ಟೇಜೇ ದಾರಿಯಲ್ಲಿ ಹೋದದ್ದು. ಆಮೇಲೆ ಬ್ಯಾಟರಿಯ ಎರಡು ಪೋಸ್ಟ್‌ಗಳ ನಡುವೆ ಅಳೆಯಿರಿ. ಅಲ್ಲೇ 12ಕ್ಕಿಂತ ಕೆಳಗೆ ಬೀಳುತ್ತಿದ್ದರೆ ತಪ್ಪು ವೈರಿನದಲ್ಲ, ಆಲ್ಟರ್ನೇಟರ್ ಸಾಲುತ್ತಿಲ್ಲ. ಇದನ್ನು ಬಯಲಲ್ಲಿ ಮಾಡಿ, ಮನೆಗಳ ಮಧ್ಯೆ ಬೇಡ.

ಗ್ರೌಂಡ್‌ಗೂ ಅದೇ ದಪ್ಪದ ಕೇಬಲ್, 45 ಸೆಂಟಿಮೀಟರ್ ಮೀರದಂತೆ. ಬಾಡಿಯ ಪೇಂಟ್ ರೂಪಾಯಿ ಅಗಲ ಕೆರೆದು ಬೋಲ್ಟ್ ಬಿಗಿದು, ಮೇಲೆ ಮತ್ತೆ ಪ್ರೈಮರ್. ಸೀಟ್ ಬೆಲ್ಟ್ ಬೋಲ್ಟ್ ಮುಟ್ಟಬೇಡಿ. ಬ್ಯಾಟರಿಯ ನೆಗೆಟಿವ್ ಪೋಸ್ಟ್‌ನಲ್ಲಿ ಸೆನ್ಸರ್ ಇದ್ದರೆ ಹೆಚ್ಚಿನ ಗ್ರೌಂಡ್ ವೈರನ್ನು ಸೆನ್ಸರ್‌ನ ಬಾಡಿ ಬದಿಗೆ ಸೇರಿಸಬೇಕು. 150 ಆಂಪಿಯರ್‌ನ ಎಎನ್‌ಎಲ್ ಫ್ಯೂಸ್ (ಬೋಲ್ಟ್‌ನಲ್ಲಿ ಬಿಗಿಯುವ ಚಪ್ಪಟೆ ಫ್ಯೂಸ್) ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ. ಕಿಟ್ ಜೊತೆ ಬರುವ ಗಾಜಿನ ಫ್ಯೂಸ್ ಬಿಸಾಡಿ.

ವೆಲ್ಡಿಂಗ್ ಕೇಬಲ್ ಸೋಲುವುದು ನೋಟದಲ್ಲಿ. ಶೋನಲ್ಲಿ ಬಾನೆಟ್ ಎತ್ತಿ ನಿಲ್ಲಿಸುವವರಿಗೆ ಆ ಕಪ್ಪು ಹಗ್ಗ ಇಷ್ಟವಾಗದು. ಅದಕ್ಕೆ ಬ್ಯಾಟರಿಯಿಂದ ಫ್ಯೂಸ್‌ವರೆಗಿನ ಕಣ್ಣಿಗೆ ಬೀಳುವ ತುಂಡು ಮಾತ್ರ ಓಎಫ್‌ಸಿ, ಫ್ಯೂಸ್‌ನಿಂದ ಹಿಂದಕ್ಕೆ ವೆಲ್ಡಿಂಗ್ ಕೇಬಲ್. ವಾರವಿಡೀ ತೋಟಕ್ಕೂ ಪೇಟೆಗೂ ಓಡಿ ಭಾನುವಾರ ಶೋಗೆ ಹೋಗುವ ಕಾರಿಗೆ, ಉಳಿದ ದುಡ್ಡಲ್ಲಿ ಡಿಕ್ಕಿಗೊಂದು ಎಜಿಎಂ ಬ್ಯಾಟರಿ (ಆ್ಯಸಿಡ್ ಸೋರದ, ಸೀಲ್ ಮಾಡಿದ್ದು) ಹಾಕುವ ಯೋಚನೆ ಇರುವವರಿಗೆ ಇದೇ ಸರಿ. ಆ ಎರಡನೇ ಬ್ಯಾಟರಿಯ ಪಕ್ಕದಲ್ಲೂ ಒಂದು ಫ್ಯೂಸ್ ಬೇಕು. ಮುಂದೆ ಆಂಪ್ 3000 ವ್ಯಾಟ್‌ಗೆ ಏರಿಸುವುದಿದ್ದರೆ 70 ಸ್ಕ್ವೇರ್‌ನ ಒಂದೇ ಕೇಬಲ್‌ಗೆ ಹೋಗದೆ 35ರದ್ದೇ ಇನ್ನೊಂದು ಎಳೆದು, ಅದಕ್ಕೆ ಪ್ರತ್ಯೇಕ ಫ್ಯೂಸ್ ಹಾಕಿ. 70ರದ್ದು ಬಾಗಿಲ ಕೆಳಗಿನ ಪ್ಲಾಸ್ಟಿಕ್ ಪಟ್ಟಿಯಡಿ ಕೂರುವುದೇ ಇಲ್ಲ.